ಮುಟ್ಟುವ ಪರದೆಯ ಯಂತ್ರ ಮತ್ತು ಹಾಲು ಕರೆಯುವ ಕೈ



ಹಾಲಿನ ಬಟವಾಡೆ, ಪ್ರೋತ್ಸಾಹಧನ ಬ್ಯಾಂಕ್ ಖಾತೆಗೆ ಜಮಾ ಆಗತೊಡಗಿದ ಮೇಲೆ ಎ.ಟಿ.ಎಂ. ಮುಂದೆ ನಿಲ್ಲುವುದು ನಿಮಗೂ ಅನಿವಾರ್ಯವಾಗಿದೆ. ಹಲವು ಎ.ಟಿ.ಎಂ.ಗಳಲ್ಲಿ, ರೈಲು ಮತ್ತು ಮೆಟ್ರೋ ನಿಲ್ದಾಣದ ಟಿಕೆಟ್ ಯಂತ್ರಗಳಲ್ಲಿ ಗಾಜಿನ ಪರದೆಯನ್ನೇ ಮುಟ್ಟಿ ಕೆಲಸ ಮಾಡಿಸಬೇಕು. "ನಾನು ಮುಟ್ಟಿದರೆ ಆಗೋದಿಲ್ಲ ಡಾಕ್ಟ್ರೇ, ಮಗ ಮುಟ್ಟಿದರೆ ಆಗುತ್ತೆ" ಎಂದು ನಿಮ್ಮಲ್ಲಿ ಅನೇಕರು ಹೇಳುತ್ತೀರಿ. ಯಂತ್ರ ನಿಮ್ಮ ಮೇಲೆ ಮುನಿಸಿಕೊಂಡಿಲ್ಲ, ಕಾರಣ ಬೆರಳಿನಲ್ಲಿದೆ.

ಈ ಪರದೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದರಲ್ಲಿ ಎರಡು ತೆಳು ಪದರಗಳಿದ್ದು, ಒತ್ತಿದಾಗ ಅವು ಒಂದಕ್ಕೊಂದು ತಾಗುತ್ತವೆ. ಇದಕ್ಕೆ ಉಗುರಾದರೂ ಸರಿ, ಕಡ್ಡಿಯಾದರೂ ಸರಿ, ಒತ್ತಡ ಬೇಕು. ಇನ್ನೊಂದರಲ್ಲಿ ಪರದೆಯ ಅಂಚಿನಿಂದ ಅಂಚಿಗೆ ಕಣ್ಣಿಗೆ ಕಾಣದ ಬೆಳಕಿನ ಕಿರಣಗಳು ಹರಿಯುತ್ತವೆ. ಬೆರಳು ಅಡ್ಡ ಬಂದ ಜಾಗವನ್ನು ಯಂತ್ರ ಗುರುತಿಸುತ್ತದೆ.

ತೊಂದರೆ ಕೊಡುವುದು ಮೂರನೆಯದು. ನಿಮ್ಮ ಮೊಬೈಲಿನಲ್ಲಿರುವುದೂ ಇದೇ. 1965ರಲ್ಲಿ ಇಂಗ್ಲೆಂಡಿನ ಇ.ಎ. ಜಾನ್ಸನ್ ಇಂಥ ಪರದೆಯನ್ನು ವಿಮಾನ ಸಂಚಾರ ನಿಯಂತ್ರಣಕ್ಕಾಗಿ ವಿವರಿಸಿ ಬರೆದಿದ್ದರು. ಗಾಜಿನ ಹಿಂದೆ ಅತಿ ಸಣ್ಣ ವಿದ್ಯುತ್ ಕ್ಷೇತ್ರವಿರುತ್ತದೆ. ನಮ್ಮ ಮೈಯಲ್ಲಿರುವ ಉಪ್ಪು ನೀರಿನಲ್ಲಿ ವಿದ್ಯುತ್ ಹರಿಯುವುದರಿಂದ, ಬೆರಳು ತಾಗಿದ ಕಡೆ ಆ ಕ್ಷೇತ್ರ ಬದಲಾಗುತ್ತದೆ. ಹಸು ಒದ್ದೆ ಮೂಗು ತಾಗಿಸಿದರೂ ಈ ಪರದೆ ಸ್ಪಂದಿಸುತ್ತದೆ! (ಕೆಚ್ಚಲು ಬಾವಿನ ಹಾಲಿನಲ್ಲಿ ಉಪ್ಪಿನಂಶ ಹೆಚ್ಚುವುದರಿಂದ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ರೋಗ ಪತ್ತೆಗೆ ಇದೇ ಗುಣವನ್ನು ಬಳಸುತ್ತೇವೆ.) ಆದರೆ ವರ್ಷಗಟ್ಟಲೆ ಹಾಲು ಕರೆದು, ಮೇವು ಕತ್ತರಿಸಿ ಜಡ್ಡುಗಟ್ಟಿದ ಒಣ ಚರ್ಮವನ್ನು ಪರದೆ ಸರಿಯಾಗಿ ಗುರುತಿಸುವುದಿಲ್ಲ. ನೀರು ತೊಟ್ಟಿಕ್ಕುವ ಕೈಯೂ ಆಗದು; ಹನಿ ಬಿದ್ದ ಕಡೆಯೆಲ್ಲ ಬೆರಳಿದೆಯೆಂದು ಯಂತ್ರ ಗೊಂದಲಪಡುತ್ತದೆ.

ಆದ್ದರಿಂದ ಕೈ ತೊಳೆದು ಒರೆಸಿಕೊಳ್ಳಿ. ಬೆರಳು ತೀರಾ ಒಣಗಿದ್ದರೆ ಒದ್ದೆ ಬಟ್ಟೆಯನ್ನೊಮ್ಮೆ ಮುಟ್ಟಿ, ಒರೆಸಿ. ಉಗುರಿನಿಂದ ಕುಟ್ಟಬೇಡಿ. ಜಡ್ಡು ಕಡಿಮೆಯಿರುವ ಬೆರಳಿನ ಮೆತ್ತನೆಯ ಭಾಗವನ್ನು ಅಗಲವಾಗಿ ತಾಗಿಸಿ, ಒಂದು ಕ್ಷಣ ತಡೆದು ತೆಗೆಯಿರಿ. (ಹೆಬ್ಬೆರಳು ಮಡಚಿ ಹಾಲು ಕರೆದು ಅದರ ಗಂಟಿಗೆ ಜಡ್ಡು ಬಂದಿದ್ದರೆ ಕರೆಯುವ ಆ ರೀತಿಯೇ ತಪ್ಪು, ಮೊಲೆಗೆ ಪೆಟ್ಟು.)

ಇದನ್ನೆಲ್ಲ ಬರೆಯಲು ಕಾರಣವಿದೆ. ಪರದೆ ಕೆಲಸ ಮಾಡದಾಗ ಪಕ್ಕದಲ್ಲಿ ನಿಂತ ಅಪರಿಚಿತರ ಕೈಗೆ ಕಾರ್ಡು ಕೊಟ್ಟು, ಗುಪ್ತ ಸಂಖ್ಯೆಯನ್ನೂ ಹೇಳಿಬಿಡುವವರಿದ್ದಾರೆ. ಅದರ ಅಗತ್ಯವೇ ಇಲ್ಲ. ಸಂಖ್ಯೆ ಒತ್ತಲು ಸಾಮಾನ್ಯವಾಗಿ ಪರದೆಯ ಕೆಳಗೆ ಲೋಹದ ಗುಂಡಿಗಳು ಬೇರೆಯೇ ಇರುತ್ತವೆ. ಎಷ್ಟೇ ಜಡ್ಡಾದ ಬೆರಳಿಗೂ ಅವು ಬಗ್ಗುತ್ತವೆ. ಆ ಗುಂಡಿಗಳ ಸಾಲಿನಲ್ಲೇ ಕೆಂಪು ಗುಂಡಿಯೊಂದಿದೆ. ಗೊಂದಲವಾದರೆ ಅದನ್ನು ಒತ್ತಿ, ಕಾರ್ಡು ತೆಗೆದುಕೊಂಡು ಹೊರಬನ್ನಿ. ಬ್ಯಾಂಕು ತೆರೆದಿರುವಾಗ ಒಳಗೆ ಹೋಗಿ ಚೀಟಿ ಬರೆದು ಹಣ ಪಡೆಯಬಹುದು.