ಚಳಿಗಾಲದ ಕೋಳಿಗೂಡು: ಬೆಚ್ಚಗೂ ಇರಲಿ, ಉಸಿರಾಡುತ್ತಲೂ ಇರಲಿ

ಕೆಲವು ವರ್ಷಗಳ ಹಿಂದಿನ ಜನವರಿ ತಿಂಗಳು. ಬೀದರ್‌ನಲ್ಲಿ ಚಳಿ ಕೊರೆಯುತ್ತಿತ್ತು. ಬೆಳಿಗ್ಗೆ ನಾನು ದವಾಖಾನೆಯ ಬಾಗಿಲು ತೆಗೆಯುವ ಮೊದಲೇ ತಾಯಿಯೊಬ್ಬರು ಇಬ್ಬರು ಮಕ್ಕಳೊಂದಿಗೆ ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ಮಕ್ಕಳಿಗೆ ತಲೆನೋವು, ವಾಂತಿ, ಕಣ್ಣು ತೆರೆಯಲಾಗದಷ್ಟು ಮಂಪರು. "ರಾತ್ರಿ ಥಂಡಿ ಹೊಡೆದಿದೆ ಡಾಕ್ಟರ್ ಸಾಬ್, ಜೋಶಾಂದ ಕೊಡಿ" ಎಂದರು. ಮಕ್ಕಳಿಗೆ ಜ್ವರವಿರಲಿಲ್ಲ, ನೆಗಡಿಯೂ ಇರಲಿಲ್ಲ. ವಿಚಾರಿಸಿದಾಗ ಆಕೆಗೂ ಬೆಳಗಿನಿಂದ ತಲೆ ಸಿಡಿಯುತ್ತಿದೆ ಎಂದು ತಿಳಿಯಿತು.

ಒಂದೇ ಮನೆಯ ಮೂವರಿಗೆ ಒಂದೇ ರಾತ್ರಿಯಲ್ಲಿ ಒಂದೇ ಬಗೆಯ ತಲೆನೋವು ಬಂದರೆ ಅದನ್ನು ಥಂಡಿ ಎಂದು ಬಿಟ್ಟುಬಿಡಬಾರದು. ರಾತ್ರಿ ಮನೆಯಲ್ಲಿ ಏನು ಮಾಡಿದಿರಿ ಎಂದು ಕೇಳಿದೆ. ಚಳಿಗೆ ಕೋಳಿಗಳು ಸಾಯಬಾರದೆಂದು ಗೂಡನ್ನು ಹಿಂದಿನ ಕೋಣೆಗೆ ತಂದು, ಕಿಟಕಿ ಬಾಗಿಲು ಮುಚ್ಚಿ, ಬಾಣಲೆಯಲ್ಲಿ ಇದ್ದಿಲಿನ ಕೆಂಡ ಇಟ್ಟಿದ್ದರಂತೆ. ಪಕ್ಕದ ಕೋಣೆಯಲ್ಲಿ ಇವರೆಲ್ಲ ಮಲಗಿದ್ದರು. ನಡುವೆ ಒಂದು ಪರದೆ ಮಾತ್ರ. "ಕೋಳಿಗಳು ಹೇಗಿವೆ?" ಎಂದೆ. "ಆರರಲ್ಲಿ ನಾಲ್ಕು ಸತ್ತುಹೋದವು. ಅಷ್ಟು ಬೆಚ್ಚಗಿಟ್ಟರೂ ಚಳಿಗೆ ಉಳಿಯಲಿಲ್ಲ."

ಕೋಳಿಗಳು ಸತ್ತದ್ದು ಚಳಿಗಲ್ಲ, ಕೆಂಡದಿಂದ ಎದ್ದ ವಿಷಾನಿಲಕ್ಕೆ. ಮಕ್ಕಳನ್ನು ಕಾಡುತ್ತಿದ್ದದ್ದೂ ಅದೇ. ಜೋಶಾಂದ ಕೊಡದೆ, ಆಮ್ಲಜನಕ ಕೊಡುವ ವ್ಯವಸ್ಥೆಯಿರುವ ಆಸ್ಪತ್ರೆಗೆ ಮೂವರನ್ನೂ ತಕ್ಷಣ ಕಳುಹಿಸಿದೆ. ಅಲ್‌ಹಮ್ದುಲಿಲ್ಲಾಹ್, ಮೂವರೂ ಗುಣವಾಗಿ ಮನೆಗೆ ಮರಳಿದರು. ಅಂದಿನಿಂದ ಚಳಿಗಾಲ ಬಂದರೆ ಸಾಕು, ಹಿತ್ತಲಲ್ಲಿ ಕೋಳಿ ಸಾಕುವವರಿಗೆಲ್ಲ ನಾನು ಗೂಡಿನ ಬಗ್ಗೆ ಕೇಳುತ್ತೇನೆ. ಈ ಲೇಖನವೂ ಅದೇ ಉದ್ದೇಶದ್ದು.

ಕೋಳಿಗೆ ವೈರಿ ಚಳಿಯಲ್ಲ, ತೇವ

ಬೀದರ್ ಎತ್ತರದ ಪ್ರಸ್ಥಭೂಮಿಯ ಮೇಲಿರುವ ಊರು. ಡಿಸೆಂಬರ್, ಜನವರಿಯ ಕೆಲವು ರಾತ್ರಿ ಇಲ್ಲಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುತ್ತದೆ. ನಮಗೆ ರಜಾಯಿ ಬೇಕಾಗುತ್ತದೆ. ಆದರೆ ಕೋಳಿ ತನ್ನ ರಜಾಯಿಯನ್ನು ಮೈಮೇಲೆಯೇ ಹೊತ್ತಿರುತ್ತದೆ. ಅದರ ಮೈಯ ಉಷ್ಣತೆ 41ರಿಂದ 42 ಡಿಗ್ರಿ. ನಮಗಿಂತ ನಾಲ್ಕೈದು ಡಿಗ್ರಿ ಹೆಚ್ಚು. ಚಳಿಯಾದಾಗ ಅದು ಗರಿಗಳನ್ನು ಉಬ್ಬಿಸಿ ಅವುಗಳ ನಡುವೆ ಗಾಳಿಯನ್ನು ಹಿಡಿದಿಡುತ್ತದೆ. ಆ ಗಾಳಿ ಮೈಯ ಶಾಖವನ್ನು ಹೊರಗೆ ಬಿಡುವುದಿಲ್ಲ. ಹಿಮ ಬೀಳುವ ಕಾಶ್ಮೀರದ ಹಳ್ಳಿಗಳಲ್ಲೂ ಜನ ಕೋಳಿ ಸಾಕುತ್ತಾರೆ. ಗರಿ ತುಂಬಿದ ಆರೋಗ್ಯವಂತ ಕೋಳಿಗೆ ನಮ್ಮ ಕಡೆಯ ಚಳಿ ದೊಡ್ಡದಲ್ಲ.

ಗರಿ ಒದ್ದೆಯಾದರೆ ಮಾತ್ರ ಕಥೆ ಬೇರೆ. ಒದ್ದೆ ರಜಾಯಿ ಹೊದ್ದು ಮಲಗಿದರೆ ನಮ್ಮ ಗತಿ ಏನಾದೀತು? ಯುನಾನಿಯಲ್ಲಿ ನಾವು ಪ್ರತಿಯೊಂದರ ಮಿಜಾಜನ್ನು ಬಿಸಿ, ತಂಪು, ತೇವ, ಒಣ ಎಂಬ ನಾಲ್ಕು ಗುಣಗಳಿಂದ ನೋಡುತ್ತೇವೆ. ತಂಪಿನ ಜೊತೆ ತೇವ ಸೇರಿದರೆ ಬಲ್ಗಮ್, ಅಂದರೆ ಕಫ ಹೆಚ್ಚುತ್ತದೆ ಎಂಬುದು ನಮ್ಮ ಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಆರೋಗ್ಯಕ್ಕೆ ಅತ್ಯಗತ್ಯವಾದ ಆರು ವಿಷಯಗಳಲ್ಲಿ ಮೊದಲನೆಯದು ಹವಾ, ಅಂದರೆ ಗಾಳಿ. ಈ ಎರಡು ಮಾತು ನೆನಪಿದ್ದರೆ ಕೋಳಿಗೂಡಿನ ಚಳಿಗಾಲದ ಪಾಠ ಅರ್ಧ ಮುಗಿದಂತೆ. ಗೂಡು ಒಣಗಿರಬೇಕು, ಗಾಳಿ ಶುದ್ಧವಾಗಿರಬೇಕು. ಬೆಚ್ಚಗಾಗುವ ಕೆಲಸವನ್ನು ಕೋಳಿಯೇ ನೋಡಿಕೊಳ್ಳುತ್ತದೆ.

ಮುಚ್ಚಿದ ಗೂಡಿನೊಳಗೆ ನಡೆಯುವುದೇನು?

ಮಳೆಯಿಲ್ಲದ ಚಳಿಗಾಲದಲ್ಲಿ ತೇವ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಅದು ಕೋಳಿಯಿಂದಲೇ ಬರುತ್ತದೆ. ಹಿಕ್ಕೆಯ ಮುಕ್ಕಾಲು ಭಾಗ ನೀರು. ಉಸಿರಿನಲ್ಲೂ ನೀರಿನ ಆವಿ ಇರುತ್ತದೆ. ಗೂಡಿಗೆ ಸುತ್ತಲೂ ಪ್ಲಾಸ್ಟಿಕ್ ತಾಡಪತ್ರಿ ಬಿಗಿದು ಕಟ್ಟಿದರೆ ಈ ಆವಿ ಹೊರಗೆ ಹೋಗದೆ ತಣ್ಣನೆಯ ತಗಡಿಗೆ ತಾಗಿ ಹನಿಯಾಗಿ ಕೋಳಿಗಳ ಮೇಲೆಯೇ ಬೀಳುತ್ತದೆ. ಒದ್ದೆಯಾದ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ. ಕಣ್ಣು ಉರಿಸುವ ಆ ವಾಸನೆಯೇ ಅದರ ಗುರುತು. ಅದು ಕೋಳಿಯ ಶ್ವಾಸನಾಳವನ್ನು ಸುಡುತ್ತದೆ. ಆಮೇಲೆ ಗೊರಗೊರ ಸದ್ದು, ಕಣ್ಣಲ್ಲಿ ನೀರು, ಕೊನೆಗೆ ಸಾವು. ನಾವು ಅದನ್ನು ಚಳಿಯ ಲೆಕ್ಕಕ್ಕೆ ಬರೆಯುತ್ತೇವೆ.

ಖರ್ಚಿಲ್ಲದ ಎರಡು ಪರೀಕ್ಷೆಗಳಿವೆ. ಫಜ್ರ್ ನಮಾಝಿನ ನಂತರ ಗೂಡು ತೆರೆಯುವಾಗ ಛಾವಣಿಯ ಒಳಭಾಗಕ್ಕೆ ಅಂಗೈ ಒತ್ತಿ ನೋಡಿ. ಕೈ ಒದ್ದೆಯಾದರೆ ಗೂಡು ಅತಿಯಾಗಿ ಮುಚ್ಚಿದೆ ಎಂದರ್ಥ. ನಂತರ ಕೋಳಿಯ ತಲೆಯ ಮಟ್ಟಕ್ಕೆ ಬಗ್ಗಿ ಒಮ್ಮೆ ಉಸಿರೆಳೆದುಕೊಳ್ಳಿ. ನಿಂತಾಗ ತಿಳಿಯದ ವಾಸನೆ ಅಲ್ಲಿ ತಿಳಿಯುತ್ತದೆ. ನಿಮಗೆ ಒಂದು ನಿಮಿಷ ಇರಲಾಗದ ಕಡೆ ಅದು ಹನ್ನೆರಡು ತಾಸು ಕಳೆಯುತ್ತದೆ ಎಂಬುದನ್ನು ನೆನೆಯಿರಿ.

ಗಾಳಿ ಮೇಲೆ ಹೊರಡಲಿ, ಮೈಗೆ ಬೀಸದಿರಲಿ

ಹಾಗಾದರೆ ಗೂಡನ್ನು ತೆರೆದೇ ಬಿಡಬೇಕೇ? ಹಾಗಲ್ಲ. ಕುಳಿತ ಕೋಳಿಯ ಮೈಗೆ ನೇರವಾಗಿ ಬೀಸುವ ಗಾಳಿ ಗರಿಯ ನಡುವಿನ ಶಾಖವನ್ನು ಕಿತ್ತೊಯ್ಯುತ್ತದೆ. ಅದನ್ನು ತಡೆಯಬೇಕು. ತಲೆಗಿಂತ ಮೇಲೆ ಹಾದುಹೋಗುವ ಗಾಳಿ ತೇವವನ್ನು ಹೊರಗೊಯ್ಯುತ್ತದೆ. ಅದನ್ನು ಬಿಡಬೇಕು. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ನಮ್ಮ ಕಡೆ ಚಳಿಗಾಲದ ಗಾಳಿ ಹೆಚ್ಚಾಗಿ ಪೂರ್ವ ಮತ್ತು ಈಶಾನ್ಯದಿಂದ ಬೀಸುತ್ತದೆ. ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆದ್ದರಿಂದ ಗೂಡಿನ ಬಾಗಿಲು ದಕ್ಷಿಣಕ್ಕಿದ್ದರೆ ಗಾಳಿಯೂ ತಪ್ಪುತ್ತದೆ, ಬಿಸಿಲೂ ಸಿಗುತ್ತದೆ. ಗಾಳಿ ಬರುವ ಕಡೆಗೆ ಗೋಣಿತಟ್ಟು ಕಟ್ಟಿ. ಅದು ಗಾಳಿಯನ್ನು ತಡೆದರೂ ಆವಿಯನ್ನು ಹಿಡಿದಿಡುವುದಿಲ್ಲ. ಛಾವಣಿಯ ಕೆಳಗೆ ನಾಲ್ಕು ಬೆರಳು ಅಗಲದ ಜಾಗವನ್ನು ಎರಡು ಬದಿಯಲ್ಲಿ ತೆರೆದೇ ಬಿಡಿ. ಬೆಕ್ಕು, ಮುಂಗುಸಿ ನುಗ್ಗದಂತೆ ಅಲ್ಲಿಗೆ ಜಾಲರಿ ಹೊಡೆಯಿರಿ. ಬೆಳಿಗ್ಗೆ ಬಿಸಿಲು ಬಂದೊಡನೆ ಗೋಣಿಯನ್ನು ಸುತ್ತಿ ಮೇಲೆ ಕಟ್ಟಿ. ತಗಡಿನ ಛಾವಣಿಯಾದರೆ ಮೇಲೆ ಜೋಳದ ಕಣಿಕೆ ಹೊದಿಸಿದರೆ ರಾತ್ರಿ ತಗಡು ಅಷ್ಟು ತಣ್ಣಗಾಗುವುದಿಲ್ಲ, ಹನಿಯೂ ಕಡಿಮೆಯಾಗುತ್ತದೆ.

ನೆಲದ ಹಾಸು ಮತ್ತು ಅಡ್ಡಕೋಲು

ಬರಿ ನೆಲ ಅಥವಾ ಫರಸಿಕಲ್ಲಿನ ಮೇಲೆ ಕೋಳಿ ಮಲಗಿದರೆ ಶಾಖ ಕೆಳಗಿನಿಂದ ಸೋರುತ್ತದೆ. ಮೂರು ನಾಲ್ಕು ಅಂಗುಲ ದಪ್ಪಕ್ಕೆ ಶೇಂಗಾ ಸಿಪ್ಪೆ, ಭತ್ತದ ಹೊಟ್ಟು, ಸಣ್ಣಗೆ ಕತ್ತರಿಸಿದ ಒಣ ಕಣಿಕೆ ಅಥವಾ ಬಡಗಿಯ ಅಂಗಡಿಯ ಹತ್ತರಿ ಚೂರನ್ನು ಹಾಸಿ. ಎರಡು ದಿನಕ್ಕೊಮ್ಮೆ ಕೆದಕಿ ತಿರುವಿ. ಒದ್ದೆಯಾದ ಭಾಗವನ್ನು ಅಂದೇ ತೆಗೆದು ಒಣ ಹಾಸು ಸೇರಿಸಿ. ಮುಷ್ಟಿಯಲ್ಲಿ ಹಿಡಿದು ಒತ್ತಿದಾಗ ಅದು ಉಂಡೆಯಾಗದೆ ಉದುರಬೇಕು. ನೀರಿನ ಪಾತ್ರೆಯನ್ನು ರಾತ್ರಿ ಗೂಡಿನೊಳಗೆ ಇಡಬೇಡಿ. ಕತ್ತಲಲ್ಲಿ ಕೋಳಿ ನೀರು ಕುಡಿಯುವುದಿಲ್ಲ, ಚೆಲ್ಲಿದರೆ ಹಾಸು ಮಾತ್ರ ಕೆಡುತ್ತದೆ.

ಕೂರಲು ಎರಡು ಅಂಗುಲ ಅಗಲದ, ಮೇಲ್ಭಾಗ ಚಪ್ಪಟೆಯಾದ ಮರದ ಅಡ್ಡಕೋಲು ಹಾಕಿ. ಅದರ ಮೇಲೆ ಕೋಳಿ ಹೊಟ್ಟೆಯ ಗರಿಯಿಂದ ಬೆರಳುಗಳನ್ನು ಪೂರ್ತಿ ಮುಚ್ಚಿ ಕೂರುತ್ತದೆ. ಕಬ್ಬಿಣದ ಕೊಳವೆ ಬೇಡ, ಅದು ಕಾಲಿನ ಶಾಖವನ್ನು ಹೀರುತ್ತದೆ. ಒಂದು ಕೋಳಿಗೆ ಎಂಟು ಅಂಗುಲ ಕೋಲು, ಒಂದೂವರೆಯಿಂದ ಎರಡು ಚದರ ಅಡಿ ನೆಲ ಇದ್ದರೆ ಸಾಕು. ಬಹಳ ದೊಡ್ಡ ಗೂಡಿನಲ್ಲಿ ಎರಡೇ ಕೋಳಿ ಇದ್ದರೆ ಅವುಗಳ ಶಾಖ ಹರಡಿ ಹೋಗುತ್ತದೆ. ಚಿಕ್ಕ ಗೂಡಿನಲ್ಲಿ ಹೆಚ್ಚು ತುಂಬಿದರೆ ತೇವ ಏರುತ್ತದೆ.

ಮರಿಗಳ ವಿಷಯ ಬೇರೆ

ಮೇಲಿನ ಮಾತೆಲ್ಲ ದೊಡ್ಡ ಕೋಳಿಗೆ. ಮೈತುಂಬ ನವಿರು ಮಾತ್ರ ಇರುವ ಮರಿಗೆ ತನ್ನ ಶಾಖವನ್ನು ಕಾಪಾಡಿಕೊಳ್ಳಲು ಬರುವುದಿಲ್ಲ. ತಾಯಿಕೋಳಿ ಇದ್ದರೆ ಅದಕ್ಕಿಂತ ಒಳ್ಳೆಯ ಹೀಟರ್ ಇಲ್ಲ. ಚಳಿಗಾಲದಲ್ಲಿ ಒಂದು ತಾಯಿಯ ಕೆಳಗೆ ಹತ್ತು ಹನ್ನೆರಡಕ್ಕಿಂತ ಹೆಚ್ಚು ಮರಿ ಬೇಡ. ಗಿರಿರಾಜದಂತಹ ತಳಿಯ ಮರಿಗಳನ್ನು ತಂದು ಸಾಕುವವರು ಮೊದಲ ವಾರ ಮರಿಯ ಮಟ್ಟದಲ್ಲಿ 35 ಡಿಗ್ರಿ ಶಾಖ ಕೊಡಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಒಂದು ಮರಿಗೆ ಎರಡು ವ್ಯಾಟ್ ಲೆಕ್ಕದಲ್ಲಿ ಹಳೆಯ ಬಗೆಯ ತಂತಿಯ ಬಲ್ಬ್ ಹಾಕಿ. ಎಲ್‌ಇಡಿ ಬಲ್ಬ್ ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ಅದನ್ನು ನಂಬಿ ಒಂದೇ ರಾತ್ರಿಯಲ್ಲಿ ಎಲ್ಲ ಮರಿ ಕಳೆದುಕೊಂಡವರಿದ್ದಾರೆ. ಬಲ್ಬನ್ನು ವೈರಿನಿಂದಲೇ ತೂಗುಬಿಡದೆ ಗಟ್ಟಿ ತಂತಿಗೆ ಕಟ್ಟಿ. ಹಾಸಿನ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ.

ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಂಪಾಗಿ ಕೂಗುತ್ತಿದ್ದರೆ ಶಾಖ ಸಾಲದು. ದೂರ ಸರಿದು ಬಾಯಿ ತೆರೆದು ಉಸಿರಾಡುತ್ತಿದ್ದರೆ ಹೆಚ್ಚಾಗಿದೆ. ಎಲ್ಲೆಡೆ ಹರಡಿ ತಿನ್ನುತ್ತಾ ಓಡಾಡುತ್ತಿದ್ದರೆ ಸರಿಯಾಗಿದೆ. ಕರೆಂಟು ಹೋದರೆ ಬಾಟಲಿಗಳಲ್ಲಿ ಬಿಸಿನೀರು ತುಂಬಿ, ಬಿಗಿಯಾಗಿ ಮುಚ್ಚಿ, ಬಟ್ಟೆ ಸುತ್ತಿ ಮರಿಗಳ ನಡುವೆ ಇಡಿ. ಆರಿದಂತೆ ಬದಲಿಸಿ.

ಕೆಂಡ ಬೇಡವೇ ಬೇಡ

ಇದ್ದಿಲು, ಬೆರಣಿ, ಕಟ್ಟಿಗೆ ಯಾವುದೇ ಆಗಲಿ, ಮುಚ್ಚಿದ ಜಾಗದಲ್ಲಿ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಾಡದ ಕೆಂಪು ಕೆಂಡದಿಂದಲೂ ಅದು ಬರುತ್ತದೆ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಹಕ್ಕಿಗಳಿಗೆ ಇದು ನಮಗಿಂತ ಬೇಗ ತಾಗುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ವಿಷಾನಿಲದ ಸುಳಿವು ತಿಳಿಯಲು 1986ರವರೆಗೂ ಕ್ಯಾನರಿ ಹಕ್ಕಿಯನ್ನು ಒಯ್ಯುತ್ತಿದ್ದದ್ದು ಇದೇ ಕಾರಣಕ್ಕೆ. ಆ ತಾಯಿಯ ಮನೆಯ ನಾಲ್ಕು ಕೋಳಿಗಳೂ ಅಂದು ಅದೇ ಸುಳಿವು ಕೊಟ್ಟಿದ್ದವು.

ಮಲಗುವಾಗ ಮನೆಯಲ್ಲಿ ಬೆಂಕಿಯನ್ನು ಉರಿಯಲು ಬಿಡಬಾರದೆಂದು ಪ್ರವಾದಿ(ಸ) ಕಲಿಸಿದ ಪಾಠ ಬುಖಾರಿ ಮತ್ತು ಮುಸ್ಲಿಂ ಹದೀಸ್ ಗ್ರಂಥಗಳಲ್ಲಿದೆ. ಅದನ್ನು ಚಳಿಗಾಲದಲ್ಲಿ ವಿಶೇಷವಾಗಿ ಪಾಲಿಸೋಣ. ಕೆಂಡವಿದ್ದ ಕೋಣೆಯಲ್ಲಿ ಯಾರಿಗಾದರೂ ತಲೆನೋವು, ವಾಂತಿ, ಮಂಪರು ಕಂಡರೆ ಮೊದಲು ಬಯಲಿಗೆ ಕರೆತನ್ನಿ. ಮಂಪರಿನಲ್ಲಿರುವವರಿಗೆ ಚಹಾ, ಕಷಾಯ ಕುಡಿಸಬೇಡಿ. ನೇರವಾಗಿ ಆಸ್ಪತ್ರೆಗೆ ಹೋಗಿ.

ಮೇವು, ನೀರು, ಬೆಳಕು

ಮೈಯ ಶಾಖಕ್ಕೆ ಇಂಧನ ಆಹಾರ. ಚಳಿಗಾಲದಲ್ಲಿ ಕೋಳಿ ಹೆಚ್ಚು ತಿನ್ನುತ್ತದೆ. ಸಂಜೆ ಗೂಡಿಗೆ ಬಿಡುವ ಮೊದಲು ಒಂದು ಹಿಡಿ ಜೋಳ ಅಥವಾ ನುಚ್ಚು ಮೆಕ್ಕೆಜೋಳ ಹಾಕಿ. ಅದು ರಾತ್ರಿಯಿಡೀ ನಿಧಾನವಾಗಿ ಅರಗುತ್ತಾ ಬೆಚ್ಚಗಿಡುತ್ತದೆ. ಬೆಳಿಗ್ಗೆ ಉಗುರು ಬೆಚ್ಚಗಿನ ನೀರು ಕೊಡಿ. ಮೊಟ್ಟೆ ಕಡಿಮೆಯಾಯಿತೆಂದು ಗಾಬರಿ ಬೇಡ. ಅದಕ್ಕೆ ಮುಖ್ಯ ಕಾರಣ ಹಗಲು ಚಿಕ್ಕದಾಗುವುದು. ಡಿಸೆಂಬರ್‌ನಲ್ಲಿ ನಮ್ಮಲ್ಲಿ ಹಗಲು ಸುಮಾರು 11 ತಾಸು. ಚೆನ್ನಾಗಿ ಮೊಟ್ಟೆಯಿಡಲು ಕೋಳಿಗೆ ಸುಮಾರು 14 ತಾಸು ಬೆಳಕು ಬೇಕು. ಬೇಕಿದ್ದವರು ನಸುಕಿನಲ್ಲಿ ಒಂದು ಚಿಕ್ಕ ದೀಪ ಹಾಕಬಹುದು. ಇದಕ್ಕೆ ಎಲ್‌ಇಡಿ ಸಾಕು.

ಮನೆಮಂದಿಯ ಆರೋಗ್ಯ

ಗೂಡು ಮನೆಯ ಹೊರಗಿರಲಿ, ಅಡುಗೆ ಮನೆಯಿಂದ ದೂರವಿರಲಿ. ಗುಡಿಸುವಾಗ ಸ್ವಲ್ಪ ನೀರು ಚಿಮುಕಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಆ ಧೂಳಿನಿಂದ ಉಬ್ಬಸ ಕೆರಳುತ್ತದೆ. ಗೂಡು ಗುಡಿಸಿದ ದಿನ ಸಂಜೆ ಕೆಮ್ಮು, ಮೈಬಿಸಿ ಮತ್ತೆ ಮತ್ತೆ ಬಂದರೆ ವೈದ್ಯರಿಗೆ ಅದನ್ನು ತಪ್ಪದೆ ಹೇಳಿ. ಗೂಡಿನ ಕೆಲಸಕ್ಕೆ ಬೇರೆ ಚಪ್ಪಲಿ, ಬೇರೆ ಬಟ್ಟೆ ಇಡಿ. ನಮಾಝಿನ ಬಟ್ಟೆಯೂ ಶುದ್ಧವಾಗಿರುತ್ತದೆ, ಕಾಯಿಲೆಯೂ ಒಳಗೆ ಬರುವುದಿಲ್ಲ. ಕೋಳಿ, ಮೊಟ್ಟೆ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಚಿಕ್ಕ ಮಕ್ಕಳು ಮರಿಗೆ ಮುತ್ತಿಡದಂತೆ ನೋಡಿಕೊಳ್ಳಿ. ಸಾಲ್ಮೊನೆಲ್ಲಾ ಎಂಬ ಭೇದಿಯ ರೋಗಾಣು ಹೀಗೆಯೇ ಬರುತ್ತದೆ.

ಹಸಿರು ಭೇದಿ, ತಿರುಚಿದ ಕತ್ತು, ಏದುಸಿರು ಕಂಡರೆ ಅದು ಥಂಡಿಯಲ್ಲ. ನಮ್ಮ ಜನ ಕೊಕ್ಕರೆ ರೋಗ ಎನ್ನುವ ರಾಣಿಖೇತ್ ಇರಬಹುದು. ಅದಕ್ಕೆ ಮದ್ದಿಲ್ಲ, ಲಸಿಕೆಯಿದೆ. ಮರಿಗೆ 5ರಿಂದ 7ನೇ ದಿನದೊಳಗೆ ಲಸೋಟಾ ಹನಿ, 6ರಿಂದ 8ನೇ ವಾರದಲ್ಲಿ ಚುಚ್ಚುಮದ್ದು. ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ರೋಗ ಬಂದ ಕೋಳಿಯನ್ನು ಸಾಯುವ ಮೊದಲು ಕೊಯ್ದುಬಿಡೋಣ ಎಂಬ ಆತುರ ಬೇಡ. ಹಲವು ಕೋಳಿ ಒಮ್ಮೆಲೇ ಸತ್ತರೆ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ.

ನೆನಪಿಡಿ

ಸಂಜೆ: ಕಾಳು ಹಾಕಿ, ನೀರು ಹೊರಗಿಡಿ, ಗೋಣಿ ಇಳಿಸಿ, ಮೇಲಿನ ಕಿಂಡಿ ತೆರೆದಿರಲಿ.
ಬೆಳಿಗ್ಗೆ: ಛಾವಣಿ ಮುಟ್ಟಿ, ಬಗ್ಗಿ ವಾಸನೆ ನೋಡಿ, ಗೋಣಿ ಎತ್ತಿ, ಒದ್ದೆ ಹಾಸು ತೆಗೆಯಿರಿ.
ಎಂದೆಂದಿಗೂ: ಗೂಡಿನಲ್ಲಿ ಕೆಂಡವಿಲ್ಲ, ಮಲಗುವ ಮನೆಯಲ್ಲಿ ಗೂಡಿಲ್ಲ.

ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸಿನ ಹದೀಸ್ ನಮಗೆಲ್ಲ ಗೊತ್ತು. ಬಾಗಿಲು ಹಾಕಿ ಒಳಗಿಟ್ಟ ಜೀವಕ್ಕೆ ಗಾಳಿಯೂ ನಾವೇ, ನೀರೂ ನಾವೇ. ಮರುವರ್ಷ ಅದೇ ತಾಯಿ ಮಗನ ಕೆಮ್ಮಿಗೆಂದು ಬಂದಿದ್ದರು. ಗೂಡು ಈಗ ಹಿತ್ತಲಲ್ಲಿದೆ, ಒಂಬತ್ತು ಕೋಳಿಗಳಿವೆ ಎಂದರು. ನಾನು ಕೇಳುವ ಮೊದಲೇ ಅಂಗೈ ತೋರಿಸಿ ನಕ್ಕರು: "ಬೆಳಿಗ್ಗೆ ತಗಡು ಮುಟ್ಟಿ ನೋಡಿಯೇ ಬಂದೆ ಡಾಕ್ಟರ್ ಸಾಬ್, ಒಣಗಿತ್ತು."