ಮರದ ದೋಣಿ ಏಕೆ ತೇಲುತ್ತದೆ? ನನ್ನ ತಪ್ಪು ಉತ್ತರದಿಂದ ಕಲಿತ ಪಾಠ

ತರಗತಿ: 9 | ವಿಷಯ: ವಿಜ್ಞಾನ | ಉಪಘಟಕ: ಪ್ಲವನತೆ | ಅವಧಿ: 2

ಸಂದರ್ಭ

ಪ್ಲವನತೆಯನ್ನು ಬೋಧಿಸುವಾಗ ಕಬ್ಬಿಣದ ಮೊಳೆ ಮತ್ತು ಹಡಗಿನ ಉದಾಹರಣೆ ಕೊಡುವುದು ರೂಢಿ. ಆದರೆ ಹಡಗಿನ ಅಂಕಿಗಳು ಮಕ್ಕಳ ಅಂದಾಜಿಗೆ ಸಿಗುವುದಿಲ್ಲ. ಆದ್ದರಿಂದ ಬೋಧನಾಭ್ಯಾಸದ ಪಾಠಕ್ಕೆ ನಾನು ಮನೆಯಲ್ಲೇ ಕಟ್ಟಬಹುದಾದ ಪುಟ್ಟ ಹಾಯಿದೋಣಿಯೊಂದನ್ನು ಆರಿಸಿಕೊಂಡೆ. ಅದು 1962ರಲ್ಲಿ ಇಂಗ್ಲೆಂಡಿನ ಜಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ರೂಪಿಸಿದ ‘ಮಿರರ್’ ದೋಣಿ. ‘ಡೈಲಿ ಮಿರರ್’ ಪತ್ರಿಕೆ ಬೆಂಬಲ ನೀಡಿದ್ದರಿಂದ ಆ ಹೆಸರು. ಉದ್ದ 3.3 ಮೀಟರ್, ಒಡಲಿನ ತೂಕ 45.5 ಕೆ.ಜಿ. ಪ್ಲೈವುಡ್ ತುಂಡುಗಳ ಅಂಚಿನಲ್ಲಿ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಸಂದುಗಳ ಮೇಲೆ ಗಾಜಿನ ನಾರಿನ ಪಟ್ಟಿಯನ್ನು ರಾಳದಿಂದ ಅಂಟಿಸಿದರೆ ಒಡಲು ಸಿದ್ಧ. ಬಡಗಿ ಕೆಲಸ ಅರಿಯದವರೂ ಇದನ್ನು ಕಟ್ಟಿದರು. ಇಂಥ 70,000ಕ್ಕೂ ಹೆಚ್ಚು ದೋಣಿಗಳು ತಯಾರಾಗಿವೆ.

ಮೊದಲ ಅವಧಿ

ಹಳೆಯ ಪ್ಲಾಸ್ಟಿಕ್ ಫೈಲನ್ನು ಕತ್ತರಿಸಿ, ಸೂಜಿ ದಾರದಿಂದ ಹೊಲಿದು, ಸಂದುಗಳಿಗೆ ಟೇಪ್ ಅಂಟಿಸಿ ಮಕ್ಕಳು ಮಾದರಿ ಮಾಡಿದರು. ತಳ 25 × 12 ಸೆಂ.ಮೀ., ಎತ್ತರ 5 ಸೆಂ.ಮೀ. ತಳದ ವಿಸ್ತೀರ್ಣ 300 ಚದರ ಸೆಂ.ಮೀ. ಆದ್ದರಿಂದ 300 ಗ್ರಾಂ ಭಾರ ಹಾಕಿದರೆ ದೋಣಿ ಇನ್ನೂ 1 ಸೆಂ.ಮೀ. ಇಳಿಯಬೇಕು. 100 ಗ್ರಾಂನ ಮೂರು ತೂಕದ ಬಟ್ಟುಗಳನ್ನು ಇಟ್ಟು ಅಳೆದಾಗ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. “ನಿಜವಾದ ದೋಣಿ ಏಕೆ ತೇಲುತ್ತದೆ?” ಎಂದು ಕೇಳಿದೆ. “ಮರ ಹಗುರ, ಅದಕ್ಕೆ” ಎಂದು ಒಬ್ಬ ಹೇಳಿದ. ನಾನು “ಸರಿ” ಎಂದು ಕಪ್ಪುಹಲಗೆಯ ಮೇಲೂ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಟೀಚರ್, ದೋಣಿಯೊಳಗೆ ನೀರು ತುಂಬಿದರೂ ತೇಲುತ್ತಾ? ಮರ ಮರಾನೇ ಅಲ್ವಾ?” ಎಂದು ಕೇಳಿದಳು. “ತೇಲುತ್ತದೆ” ಎಂದೆ. “ತೋರಿಸಿ ಟೀಚರ್” ಎಂದಳು. ಒಂದು ಬಟ್ಟನ್ನು ಒಳಗೇ ಉಳಿಸಿ ಮಾದರಿಗೆ ನೀರು ಸುರಿದೆ. ಅದು ಬಕೆಟ್ಟಿನ ತಳ ಸೇರಿತು.

ಎರಡನೇ ಅವಧಿ

ಮರುದಿನ ಕಪ್ಪುಹಲಗೆಯ ಮೇಲೆ ಅದೇ ವಾಕ್ಯವನ್ನು ಬರೆದು, “ಇದು ನನ್ನ ತಪ್ಪು, ಸೇರಿ ತಿದ್ದೋಣ” ಎಂದೆ. ಖಾಲಿ ಮಾದರಿಗೆ ನೀರು ತುಂಬಿದಾಗ ಅದು ಮುಳುಗಲಿಲ್ಲ. ಬಟ್ಟು ಇಟ್ಟರೆ ಮುಳುಗಿತು. ಹಗುರವಾದ ವಸ್ತು ತನ್ನನ್ನು ತಾನು ತೇಲಿಸಿಕೊಳ್ಳಬಲ್ಲದು. ಹೊರೆಯನ್ನು ಹೊರುವುದು ಒಡಲು ಪಕ್ಕಕ್ಕೆ ಸರಿಸುವ ನೀರು. ಒಳಗೆ ನೀರು ತುಂಬಿದರೆ ಆ ಆಧಾರ ಹೋಗುತ್ತದೆ.

ನಂತರ ಔಷಧಿಯ 100 ಮಿ.ಲೀ. ಖಾಲಿ ಪ್ಲಾಸ್ಟಿಕ್ ಬಾಟಲಿಗಳೆರಡನ್ನು ಬಿಗಿಯಾಗಿ ಮುಚ್ಚಿ ಹಿಂದೆ ಮುಂದೆ ಕಟ್ಟಿದೆವು. ಈಗ ನೀರು ತುಂಬಿದರೂ ಒಂದು ಬಟ್ಟನ್ನು ಹೊತ್ತು ದೋಣಿ ತೇಲಿತು. ಮೂರು ಬಟ್ಟುಗಳಿಗೆ ಬಾಟಲಿಗಳು ಸಾಲಲಿಲ್ಲ. ಮಿರರ್ ದೋಣಿಯ ಒಡಲಲ್ಲೇ ಮುಚ್ಚಿದ ಗಾಳಿ ಅರೆಗಳಿರುವುದು ಏಕೆಂದು ಆಗ ಮಕ್ಕಳೇ ಹೇಳಿದರು. ಪುಟ್ಟ ಹಾಯಿದೋಣಿ ಗಾಳಿಗೆ ಮಗುಚುವುದು ಸಾಮಾನ್ಯ. ತಳದಿಂದ ಕೆಳಗೆ ಚಾಚಿದ ಹಲಗೆಯ ಮೇಲೆ ಮೈಭಾರ ಹಾಕಿ ಅದನ್ನು ಎತ್ತಿ ನಿಲ್ಲಿಸುವುದೂ ಹಾಯಿ ಕಲಿಕೆಯ ಭಾಗ. ಗಾಳಿ ಅರೆಗಳಿದ್ದರಷ್ಟೇ ಎತ್ತಿದ ಮೇಲೂ ಅದು ಜನರನ್ನು ಹೊರಬಲ್ಲದು.

ಮೌಲ್ಯಮಾಪನದ ಪ್ರಶ್ನೆ: ಸಲಕರಣೆ ಮತ್ತು ಇಬ್ಬರು ಸೇರಿ ದೋಣಿಯ ಒಟ್ಟು ತೂಕ 180 ಕೆ.ಜಿ. ಆದರೆ ಅದು ಎಷ್ಟು ನೀರನ್ನು ಸರಿಸುತ್ತದೆ? ಕೆರೆಯಲ್ಲಿ 180 ಲೀಟರ್. ಸಮುದ್ರದ ನೀರಿನ ಸಾಂದ್ರತೆ ಲೀಟರಿಗೆ 1.025 ಕೆ.ಜಿ. ಎಂದುಕೊಂಡರೆ ಸುಮಾರು 176 ಲೀಟರ್.

ಅವಲೋಕನ

“ಉತ್ತರ ಸರಿ ಎನ್ನುವ ಮುನ್ನ ಏಕೆ ಎಂದು ಕೇಳಿ” ಎಂದು ಮಾರ್ಗದರ್ಶಕ ಅಧ್ಯಾಪಕರು ನನ್ನ ವೀಕ್ಷಣಾ ಪುಸ್ತಕದಲ್ಲಿ ಬರೆದರು. ಇದು ಬರೀ ಅಂಕಕ್ಕೆ ಸಂಬಂಧಿಸಿದ ತಪ್ಪಲ್ಲ. ಮರದ ದೋಣಿ ಮುಳುಗುವುದೇ ಇಲ್ಲ ಎಂದು ನಂಬಿದ ಮಗು ನಾಳೆ ಹೊಳೆ ದಾಟುವಾಗ ಜನ ಕಿಕ್ಕಿರಿದ ದೋಣಿಗೂ ಅಂಜದೆ ಹತ್ತೀತು. ಆ ಹುಡುಗಿ ಕೇಳದಿದ್ದರೆ ನನ್ನ ತಪ್ಪು ವಾಕ್ಯ ನಲವತ್ತು ನೋಟ್‌ಬುಕ್ಕುಗಳಲ್ಲಿ ಉಳಿದುಬಿಡುತ್ತಿತ್ತು.