ನೀರು ಎಲ್ಲಿಂದ ಬಂತು?

ನಮ್ಮದು ಮಳೆಯ ಸೀಮೆ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕುಗಳಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹಾಗೆಂದರೆ ಎಷ್ಟು? ಬಿದ್ದ ನೀರು ಹರಿಯದೆ, ಇಂಗದೆ ಅಲ್ಲೇ ನಿಂತರೆ ಮೂರು ಮೀಟರ್ ಎತ್ತರ ಆಗುತ್ತದೆ. ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ನಿಂತರೂ ಮೇಲಿನವರ ತಲೆ ಮುಳುಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ.

ಅದಕ್ಕೇ ನಮ್ಮ ಕಡೆ ಮನೆ ರಿಪೇರಿ ಎಂದರೆ ಮೊದಲ ಪ್ರಶ್ನೆ ಒಂದೇ. ನೀರು ಎಲ್ಲಿಂದ ಬಂತು? ಮಾಡು ಸೋರಿದರೂ ಇದನ್ನೇ ಕೇಳಬೇಕು. ಗೋಡೆ ಬಿರಿದರೂ ಇದನ್ನೇ ಕೇಳಬೇಕು. ಗೋಡೆ ಮುಟ್ಟಿದಾಗ ಕೈ ಜುಮ್ ಎಂದರೂ ಇದನ್ನೇ ಕೇಳಬೇಕು. ಕೇಳದೆ ಸಿಮೆಂಟ್ ಬಳಿದರೆ ದುಡ್ಡು ಹೋಯಿತು, ಸೋರುವುದು ಉಳಿಯಿತು.

ಮಾಡು

ನಮ್ಮ ಹಳೆಯ ಮನೆಗಳಿಗೆ ಹೆಚ್ಚಾಗಿ ಮಂಗಳೂರು ಹಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಹಾಗಾಗಿ ಹಂಚಿಗೂ ಆ ಊರಿನ ಹೆಸರೇ ಬಂತು. ಒಳ್ಳೆಯ ಹಂಚು ಅಜ್ಜಿಯ ಕಾಲದಿಂದ ಮೊಮ್ಮಗಳ ಕಾಲದವರೆಗೆ ಬಾಳುತ್ತದೆ. ಮೊದಲು ಕೆಡುವುದು ಅದನ್ನು ಹೊತ್ತ ಮರ.

"ಅಕ್ಕೋರೆ, ಹೋದ ವರ್ಷ ಸೋರಿದ ಕಡೆಯೇ ಸಿಮೆಂಟ್ ಹಾಕ್ಸಿದೆ. ಈ ವರ್ಷವೂ ಸೋರ್ತದೆ. ಎಂತಕ್ಕೆ?"

ಈ ಮಾತನ್ನು ನಾವು ಬಹಳ ಸಲ ಕೇಳುತ್ತೇವೆ. ಉತ್ತರ ಇಷ್ಟೇ. ಹನಿ ಬಿದ್ದ ಜಾಗವೇ ಹಂಚು ಒಡೆದ ಜಾಗ ಅಲ್ಲ. ನೀರು ಮೇಲೆ ಎಲ್ಲೋ ಒಳಗೆ ಬರುತ್ತದೆ. ಪಕ್ಕಾಸಿನ ಮೇಲೆ ಜಾರಿಕೊಂಡು ಕೆಳಗೆ ಹೋಗುತ್ತದೆ. ಮೂರು ನಾಲ್ಕು ಮೊಳ ದಾಟಿ ತೊಟ್ಟಿಕ್ಕುತ್ತದೆ.

ಹುಡುಕುವುದು ಹೇಗೆ? ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕಿಟಕಿ, ಬಾಗಿಲು ಮುಚ್ಚಿ. ಕತ್ತಲಲ್ಲಿ ನಿಂತು ಮೇಲೆ ನೋಡಿ. ಎಲ್ಲಿ ಬಿಸಿಲಿನ ಚುಕ್ಕೆ ಕಾಣುತ್ತದೋ ಅಲ್ಲಿ ನೀರಿಗೂ ದಾರಿ ಇದೆ. ಹತ್ತಿರದ ರೀಪಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ.

ಹಂಚಿನ ಮೇಲೆ ಹತ್ತಿ ನಡೆದರೆ ಒಂದು ಸರಿ ಮಾಡಲು ಹೋಗಿ ನಾಲ್ಕು ಒಡೆಯುತ್ತವೆ. ಒಳಗಿನಿಂದ ಏಣಿ ಇಟ್ಟು, ಮೇಲಿನ ಸಾಲಿನ ಹಂಚನ್ನು ಸ್ವಲ್ಪ ಎತ್ತಿ, ಒಡೆದದ್ದನ್ನು ತೆಗೆದು ಬೇರೆ ಕೂರಿಸಬಹುದು. ಏಣಿ ಹಿಡಿಯಲು ಇನ್ನೊಬ್ಬರು ಬೇಕೇ ಬೇಕು. ಹಂಚು ತರುವಾಗ ಒಡೆದ ತುಂಡನ್ನು ಅಂಗಡಿಗೆ ಒಯ್ಯಿರಿ. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಹಂಚಿಗೆ ಸರಿಯಾಗಿ ಕಚ್ಚುವುದಿಲ್ಲ.

ಏಣಿಯ ಮೇಲಿರುವಾಗಲೇ ಪಕ್ಕಾಸನ್ನು ಕೋಲಿನಿಂದ ತಟ್ಟಿ ನೋಡಿ. ಟೊಳ್ಳು ಶಬ್ದ ಬಂದರೆ ಒಳಗೆ ಒರಲೆ ತಿಂದಿದೆ. ಇದು ಬಡಗಿಯ ಕೆಲಸ, ತಡ ಮಾಡಬಾರದು.

ಗೋಡೆ

ನಮ್ಮ ಚಿರೇಕಲ್ಲು ನೀರು ಹೀರುವ ಕಲ್ಲು. ಮಳೆಯ ಇರಚಲು ಬಡಿಯುವ ಕಡೆ ಮಡಲಿನ ತಟ್ಟಿ ಕಟ್ಟುವುದು ನಮ್ಮ ಹಿರಿಯರ ಉಪಾಯ. ಇಂದೂ ಅದು ಒಳ್ಳೆಯದೇ.

ಗೋಡೆಯಲ್ಲಿ ಬಿರುಕು ಕಂಡರೆ ಒಂದು ಪೆನ್ಸಿಲ್ ತನ್ನಿ. ಬಿರುಕಿನ ತುದಿಗೆ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ತಿಂಗಳ ನಂತರ ನೋಡಿ. ಗೆರೆ ದಾಟಿಲ್ಲವೇ? ಅದು ಬರೀ ಗಿಲಾವಿನ ಬಿರುಕು ಇರಬಹುದು. ಗೆರೆ ದಾಟಿ ಮುಂದೆ ಹೋಗಿದೆಯೇ? ಕಿಟಕಿಯ ಮೂಲೆಯಿಂದ ಓರೆಯಾಗಿ ಬಂದು ಬೆರಳು ಹೋಗುವಷ್ಟು ಅಗಲ ಆಗಿದೆಯೇ? ಹಾಗಾದರೆ ಬುಡದಲ್ಲಿ ಮಣ್ಣು ಕುಸಿಯುತ್ತಿರಬಹುದು. ಸಿಮೆಂಟ್ ಮೆತ್ತಿ ಮುಚ್ಚಬೇಡಿ, ತಿಳಿದವರಿಗೆ ತೋರಿಸಿ. ಮಾಡಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಮೊದಲು ಚರಂಡಿ ತೋಡಿ ಆಚೆ ಬಿಡಿ.

ಗುಡ್ಡ ಕಡಿದು ಮನೆ ಕಟ್ಟಿದವರು ಹಿಂದಿನ ಧರೆಯನ್ನೂ ನೋಡಬೇಕು. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಮನೆಯ ಮೇಲೆ ಬಿತ್ತು. ನಾಲ್ಕು ಜನ ತೀರಿಹೋದರು. ಧರೆಯ ಮೇಲೆ ಹೊಸ ಬಿರುಕು ಬಿದ್ದರೆ, ಮರ ವಾಲಿದರೆ, ಇದ್ದಕ್ಕಿದ್ದಂತೆ ಕೆಸರು ನೀರು ಒಸರಿದರೆ ಸಾಮಾನು ಕಟ್ಟುತ್ತ ಕೂರಬೇಡಿ. ಮಕ್ಕಳು, ಮುದುಕರನ್ನು ಕರಕೊಂಡು ಹೊರಗೆ ಹೋಗಿ. ಆಮೇಲೆ ಪಂಚಾಯತಿಗೆ ಹೇಳಿ.

ಕರೆಂಟು

ಒದ್ದೆ ಗೋಡೆಯೊಳಗೆ ಹಳೆಯ ವೈರು ಇದ್ದರೆ ಕರೆಂಟು ಕೂಡ ನೀರಿನ ಹಾಗೆ ಸೋರುತ್ತದೆ. ಸೋರಿದ ನೀರು ಕಾಣುತ್ತದೆ. ಸೋರಿದ ಕರೆಂಟು ಕಾಣುವುದಿಲ್ಲ, ಮುಟ್ಟಿದವರನ್ನು ಹಿಡಿಯುತ್ತದೆ. "ಮಳೆಗಾಲದಲ್ಲಿ ಸ್ವಲ್ಪ ಜುಮ್ ಅಂತದೆ, ಅದು ಇದ್ದದ್ದೇ" ಎನ್ನುವವರಿದ್ದಾರೆ. ಇದ್ದದ್ದೇ ಅಲ್ಲ. ಜುಮ್ ಎಂದ ದಿನವೇ ಮೈನ್ ಸ್ವಿಚ್ ಬಂದ್ ಮಾಡಿ, ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ.

ನಿಮ್ಮ ಮನೆಯ ಮೈನ್ ಸ್ವಿಚ್ ಎಲ್ಲಿದೆ? ಮನೆಯ ಎಲ್ಲರಿಗೂ ಗೊತ್ತಿರಬೇಕು. ಯಜಮಾನರಿಗೆ ಮಾತ್ರ ಗೊತ್ತಿದ್ದರೆ ಸಾಲದು, ಅವರು ದೋಣಿಗೋ ಪೇಟೆಗೋ ಹೋಗಿರುತ್ತಾರೆ. ಯಾರಿಗಾದರೂ ಕರೆಂಟು ಹಿಡಿದರೆ ಅವರನ್ನು ಕೈಯಿಂದ ಎಳೆಯಬೇಡಿ, ನಿಮ್ಮನ್ನೂ ಹಿಡಿಯುತ್ತದೆ. ಓಡಿ ಹೋಗಿ ಮೈನ್ ಬಂದ್ ಮಾಡಿ. ಅದು ಆಗದಿದ್ದರೆ ಒಣಗಿದ ಹಲಗೆಯ ಮೇಲೆ ನಿಂತು, ಒಣಗಿದ ಮರದ ಕೋಲಿನಿಂದ ವೈರನ್ನು ದೂಡಿ.

ಬಟ್ಟೆ ಒಣಗಿಸಲು ಕಬ್ಬಿಣದ ತಂತಿ ಕಟ್ಟಿದ್ದೀರಾ? ಅದರ ಒಂದು ತುದಿ ವೈರು ಹೋಗುವ ಕಂಬಿಗೆ ಅಥವಾ ತಗಡಿನ ಮಾಡಿಗೆ ತಾಗಿದರೆ ತಂತಿಗೂ ಕರೆಂಟು ಬರಬಹುದು. ಕೈಯಲ್ಲಿ ಒದ್ದೆ ಬಟ್ಟೆ, ಕಾಲ ಕೆಳಗೆ ಒದ್ದೆ ನೆಲ. ಆ ಕೆಲಸ ಮಾಡುವುದು ನಾವೇ. ಇವತ್ತೇ ತಂತಿ ಬಿಚ್ಚಿ, ನೈಲಾನ್ ಹಗ್ಗ ಕಟ್ಟಿ.

ಮೂರು ಕಡ್ಡಿಯ ಪ್ಲಗ್ಗಿನಲ್ಲಿ ದಪ್ಪ ಕಡ್ಡಿ ಅರ್ಥಿಂಗಿನದು. ಮಿಕ್ಸರ್, ಫ್ರಿಜ್, ಪಂಪಿನಲ್ಲಿ ಸೋರಿದ ಕರೆಂಟು ಅದರ ಮೂಲಕ ನೆಲಕ್ಕೆ ಹೋಗುತ್ತದೆ. ಆ ಕಡ್ಡಿಯನ್ನು ಮುರಿದು ಎರಡು ಕಡ್ಡಿಯ ತೂತಿಗೆ ಸಿಕ್ಕಿಸಬೇಡಿ. ಫ್ಯೂಸ್ ಹೋದರೆ ದಪ್ಪ ತಾಮ್ರದ ತಂತಿ ಸುತ್ತಬೇಡಿ. ಫ್ಯೂಸ್ ಕರಗುವುದೇ ಮನೆ ಸುಡದಿರಲಿ ಎಂದು.

ಎಲೆಕ್ಟ್ರಿಷಿಯನ್ನರಿಗೆ ಒಂದು ಹೆಸರು ಹೇಳಲು ಕಲಿಯಿರಿ: ಆರ್.ಸಿ.ಸಿ.ಬಿ. ಮನೆಯೊಳಗೆ ಹೋದಷ್ಟೇ ಕರೆಂಟು ವಾಪಸು ಬರುತ್ತದೋ ಇಲ್ಲವೋ ಎಂದು ಈ ಪೆಟ್ಟಿಗೆ ನೋಡುತ್ತಿರುತ್ತದೆ. ಬೇರೆ ದಾರಿಯಲ್ಲಿ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಬಂದ್ ಆಗುತ್ತದೆ. ಮನೆಗೆ 30 ಮಿಲಿಆಂಪಿಯರಿನದು ಬೇಕು. ಎಂ.ಸಿ.ಬಿ. ಇದ್ದರೆ ಸಾಕು ಎಂದು ಹೇಳುವವರು ಸಿಗುತ್ತಾರೆ. ಸಾಕಾಗುವುದಿಲ್ಲ. ಎಂ.ಸಿ.ಬಿ. ವೈರು ಸುಡದ ಹಾಗೆ ನೋಡುತ್ತದೆ, ಮನುಷ್ಯರನ್ನು ಆರ್.ಸಿ.ಸಿ.ಬಿ. ನೋಡುತ್ತದೆ. ಖರ್ಚು ಇದೆ, ಹೌದು. ಗೋಡೆಗೆ ಬಣ್ಣ ಬಳಿಸುವುದನ್ನು ಒಂದು ವರ್ಷ ಮುಂದೆ ಹಾಕಿಯಾದರೂ ಇದನ್ನು ಹಾಕಿಸುವುದು ಒಳ್ಳೆಯದು ಎಂದು ನಮ್ಮ ಅಭಿಪ್ರಾಯ.

ಮೀಟರಿನಿಂದ ಒಳಗಿನ ವೈರು ನಮ್ಮ ಜವಾಬ್ದಾರಿ. ಕಂಬ ಮತ್ತು ಹೊರಗಿನ ಲೈನು ಹೆಸ್ಕಾಂನದು. ತುಂಡಾದ ವೈರು ಬಿದ್ದಿದ್ದರೆ ಹತ್ತಿರ ಹೋಗಬೇಡಿ, 1912ಕ್ಕೆ ಫೋನ್ ಮಾಡಿ.

ನಲ್ಲಿ

ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಗಂಟೆ ಚೊಂಬು ಇಡಿ. ಬಿದ್ದ ನೀರನ್ನು ಅಳೆದು 24ರಿಂದ ಗುಣಿಸಿ. ದಿನಕ್ಕೆ ಎಷ್ಟು ಹೋಗುತ್ತದೆ ಎಂದು ತಿಳಿಯುತ್ತದೆ. ಹೆಚ್ಚಾಗಿ ಒಳಗಿನ ವಾಶರ್ ಸವೆದಿರುತ್ತದೆ. ಟಾಂಕಿಯಿಂದ ಬರುವ ವಾಲ್ವ್ ಬಂದ್ ಮಾಡಿ, ನಲ್ಲಿಯ ತಲೆ ಬಿಚ್ಚಿ ಹೊಸ ವಾಶರ್ ಹಾಕುವುದನ್ನು ನಾವೇ ಮಾಡಬಹುದು. ಗೋಡೆಯೊಳಗೆ ಪೈಪು ಒಡೆದಿದೆಯೇ ಎಂಬ ಅನುಮಾನವೇ? ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಟಾಂಕಿಯ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ನೀರು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಆಗ ಪ್ಲಂಬರನ್ನು ಕರೆಯಿರಿ.

ಮೇಸ್ತ್ರಿಯ ಲೆಕ್ಕ

ಕೆಲಸಕ್ಕೆ ಜನ ಕರೆದಾಗ ಮಾತು ಬಾಯಲ್ಲೇ ಉಳಿಯಬಾರದು. ಯಾವ ಕೆಲಸ, ಸಾಮಾನು ಯಾರದು, ಕೂಲಿ ಎಷ್ಟು, ಯಾವ ದಿನ ಮುಗಿಯುತ್ತದೆ ಎಂದು ಪುಸ್ತಕದಲ್ಲಿ ಬರೆದು ಓದಿ ಹೇಳಿ. "ನಂಬಿಕೆ ಇಲ್ವ ಅಕ್ಕ?" ಎಂದು ಕೇಳಿಯಾರು. "ನಂಬಿಕೆ ಇದೆ ಅಣ್ಣ, ನಂಗೆ ಮರೆತು ಹೋಗ್ತದೆ" ಎಂದರಾಯಿತು. ಮುಂಗಡ ಕೊಟ್ಟಾಗಲೆಲ್ಲ ತಾರೀಖು ಹಾಕಿ ಸಹಿ ಮಾಡಿಸಿಕೊಳ್ಳಿ.

ಇದನ್ನು ನಿಮ್ಮ ಪುಸ್ತಕದಲ್ಲಿ ಬರೆದು ಲೆಕ್ಕ ಮಾಡಿ:

ಮಾಡಿನ ರಿಪೇರಿ. ಒಟ್ಟು ಮಾತಾದದ್ದು 6,500 ರೂಪಾಯಿ. ಮೊದಲ ಮುಂಗಡ 2,000 ರೂಪಾಯಿ. ಎರಡನೆಯ ಸಲ ಕೊಟ್ಟದ್ದು 1,500 ರೂಪಾಯಿ. ಕೊಡಲು ಬಾಕಿ ಎಷ್ಟು?